ತಿನ್ನುವವರಿಗೆ ಕಾಣದ್ದನ್ನು ನೀವು ನೋಡಿ: ಪೂರಕ ಆಹಾರ ತಯಾರಿಸುವವರು ಮಾಡಬೇಕಾದ್ದು, ಮಾಡಬಾರದ್ದು

ಪ್ರೋಟೀನ್ ಪುಡಿ, ವಿಟಮಿನ್ ಮಾತ್ರೆ, ಗಿಡಮೂಲಿಕೆ ಸಾರದ ಕ್ಯಾಪ್ಸೂಲ್, ಪ್ರೋಬಯಾಟಿಕ್ ಸ್ಯಾಶೆ ಮುಂತಾದವನ್ನು ತಯಾರಿಸುವ ಘಟಕಗಳ ಮಾಲೀಕರಿಗೆ, ಸೂಪರ್‌ವೈಸರ್‌ಗಳಿಗೆ, ಗೋಡೌನ್, ಲ್ಯಾಬ್ ಮತ್ತು ಪ್ಯಾಕಿಂಗ್ ಸಿಬ್ಬಂದಿಗೆ ಈ ಸೂಚನೆ. ಘಟಕ ಪೀಣ್ಯದಲ್ಲಿರಲಿ, ದಾಬಸ್‌ಪೇಟೆಯಲ್ಲಿರಲಿ, ಹುಬ್ಬಳ್ಳಿಯ ತಾರಿಹಾಳದಲ್ಲಿರಲಿ, ಸ್ವಂತ ಬ್ರ್ಯಾಂಡಿಗೆ ಮಾಡುತ್ತಿರಲಿ, ಬೇರೆ ಪಾರ್ಟಿಗೆ ಮಾಡಿಕೊಡುತ್ತಿರಲಿ, ಮಾತು ಒಂದೇ.

ಹಳಸಿದ ಅನ್ನ ಮೂಗಿಗೆ ಗೊತ್ತಾಗುತ್ತದೆ. ಹುಳ ಬಿದ್ದ ಬೇಳೆ ಕಣ್ಣಿಗೆ ಕಾಣುತ್ತದೆ. ಮಾತ್ರೆಯೊಳಗೆ ಏನಿದೆ, ಎಷ್ಟಿದೆ ಎಂದು ತಿಳಿಯಲು ತಿನ್ನುವವರಿಗೆ ದಾರಿಯೇ ಇಲ್ಲ. ಬಸುರಿ ಹೆಂಗಸು, ಶುಗರ್ ಇರುವ ಮುದುಕರು, ಜಿಮ್ಮಿಗೆ ಹೋಗುವ ಹುಡುಗ, ಎಲ್ಲರೂ ಲೇಬಲ್ ನಂಬಿಯೇ ಬಾಯಿಗೆ ಹಾಕಿಕೊಳ್ಳುತ್ತಾರೆ. ಅವರ ಕಣ್ಣು, ಮೂಗು, ನಾಲಿಗೆಯ ಕೆಲಸವನ್ನು ನೀವೇ ಮಾಡಬೇಕು. ಆದ್ದರಿಂದ ಕೆಳಗಿನ ಯಾವ ಮಾತಿಗೂ ರಿಯಾಯಿತಿ ಇಲ್ಲ.

ಮೊದಲು ಕಾನೂನು

"ಇದು ಔಷಧಿಯಲ್ಲ, ಆಹಾರ ತಾನೇ" ಎಂದು ಸಡಿಲ ಬಿಡಬೇಡಿ. ಆಹಾರವಾಗಿರುವುದರಿಂದಲೇ ಇದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಗೆ ಒಳಪಡುತ್ತದೆ. ಪೂರಕ ಆಹಾರಗಳಿಗೆಂದೇ ಎಫ್‌ಎಸ್‌ಎಸ್‌ಎಐ 2016ರಲ್ಲಿ ಪ್ರತ್ಯೇಕ ನಿಯಮಾವಳಿ ತಂದಿತು, 2022ರಲ್ಲಿ ಅದನ್ನು ಪರಿಷ್ಕರಿಸಿತು. ಅನುಮತಿ ಇರುವ ಪದಾರ್ಥಗಳ ಪಟ್ಟಿಗಳು ಅದರ ಅನುಸೂಚಿಗಳಲ್ಲಿವೆ. ಪಟ್ಟಿಯಲ್ಲಿಲ್ಲದ ಬೇರು, ಸೊಪ್ಪು, ರಾಸಾಯನಿಕವನ್ನು "ಅಮೆರಿಕದಲ್ಲಿ ಮಾರುತ್ತಾರೆ" ಎಂಬ ಕಾರಣಕ್ಕೆ ಹಾಕಬೇಡಿ. ಕಟ್ಟಡ, ನೀರು, ಕೀಟ ನಿಯಂತ್ರಣ, ನೌಕರರ ಆರೋಗ್ಯ ಹೇಗಿರಬೇಕು ಎಂಬುದನ್ನು ಪರವಾನಗಿ ನಿಯಮಗಳ 4ನೇ ಅನುಸೂಚಿ ಹೇಳುತ್ತದೆ. ಅದರ ಪ್ರತಿ ಮಾಲೀಕರ ಕಪಾಟಿನಲ್ಲಿದ್ದರೆ ಸಾಲದು, ಸೂಪರ್‌ವೈಸರ್ ಓದಿರಬೇಕು.

ಅಸುರಕ್ಷಿತ ಆಹಾರದಿಂದ ಸಾವು ಸಂಭವಿಸಿದರೆ ಕಾಯ್ದೆಯ 59ನೇ ಕಲಮಿನಡಿ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಸೆರೆವಾಸ. ದಂಡ 10 ಲಕ್ಷ ರೂಪಾಯಿಗೆ ಕಡಿಮೆಯಿಲ್ಲ. ಆಯುಷ್ ಪರವಾನಗಿಯಲ್ಲಿ ಮಾಡಬೇಕಾದ ಔಷಧಿಯನ್ನು ಆಹಾರದ ಪರವಾನಗಿಯಲ್ಲಿ ಮಾಡಬೇಡಿ. ಬೇರೆಯವರ 14 ಅಂಕಿಯ ಪರವಾನಗಿ ಸಂಖ್ಯೆಯನ್ನು ನಿಮ್ಮ ಡಬ್ಬಿಯ ಮೇಲೆ ಅಚ್ಚು ಹಾಕಬೇಡಿ, ನಿಮ್ಮದನ್ನು ಬೇರೆಯವರಿಗೆ ಕೊಡಬೇಡಿ.

ಗೋಡೌನಿನ ಬಾಗಿಲಲ್ಲಿ

ಬಂದ ಪ್ರತಿ ಲಾಟಿಗೂ ಹಳದಿ ಚೀಟಿ ಅಂಟಿಸಿ ಬೇರೆ ಇಡಿ. ಲ್ಯಾಬ್ ಪರೀಕ್ಷೆ ಮುಗಿಸಿ ಹಸಿರು ಚೀಟಿ ಕೊಡುವ ತನಕ ಅದರಲ್ಲಿ ಒಂದು ಗ್ರಾಂ ಕೂಡ ತಯಾರಿಕೆಗೆ ಹೋಗಬಾರದು. ಕೆಂಪು ಚೀಟಿ ಬಿದ್ದದ್ದನ್ನು ಬೀಗ ಹಾಕಿದ ಜಾಗದಲ್ಲಿಡಿ. ತಿರಸ್ಕರಿಸಿದ ಲಾಟನ್ನು ಒಳ್ಳೆಯ ಲಾಟಿನೊಂದಿಗೆ ಬೆರೆಸಿ ಸರಾಸರಿಯಲ್ಲಿ ಪಾಸು ಮಾಡಿಸುವ ಕೆಲಸ ಎಂದಿಗೂ ಬೇಡ. ಸೀಸವನ್ನು ಹಂಚಿ ಬಡಿಸಿದರೆ ಅದು ಸೀಸವಲ್ಲದೆ ಹೋಗುವುದಿಲ್ಲ.

ಸರಬರಾಜುದಾರರು ಕೊಟ್ಟ ಸಿಒಎ (ವಿಶ್ಲೇಷಣಾ ಪ್ರಮಾಣಪತ್ರ) ನೋಡಿ ಸುಮ್ಮನಾಗಬೇಡಿ. ಅದು ಅವರ ಮಾಲಿನ ಬಗ್ಗೆ ಅವರೇ ಕೊಟ್ಟುಕೊಂಡ ಪತ್ರ. "ಇದು ಏನು" ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಲ್ಯಾಬಿನಿಂದಲೇ ಬರಬೇಕು, ಪ್ರತಿ ಲಾಟಿಗೂ ಬರಬೇಕು. ಶುದ್ಧತೆ, ಪ್ರಮಾಣ, ಸೂಕ್ಷ್ಮಜೀವಿ ಪರೀಕ್ಷೆಗಳೆಲ್ಲ ಅದಾದ ಮೇಲೆ.

ಈ ಒಂದು ಪ್ರಶ್ನೆ ಕೇಳದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಬೆಲ್ಜಿಯಂ ಸಾಕ್ಷಿ. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನ ಒಂದು ತೂಕ ಇಳಿಸುವ ಕ್ಲಿನಿಕ್ಕಿಗೆ ಹೋಗುತ್ತಿದ್ದ ಮಹಿಳೆಯರ ಮೂತ್ರಪಿಂಡಗಳು ಒಬ್ಬರಾದ ಮೇಲೊಬ್ಬರಂತೆ ಕೆಟ್ಟವು. ಅವರಿಗೆ ಕೊಟ್ಟ ಗುಳಿಗೆಯಲ್ಲಿ ಇರಬೇಕಾಗಿದ್ದುದು ಸ್ಟೆಫಾನಿಯಾ ಎಂಬ ಚೀನೀ ಬೇರು. ಇದ್ದುದು ಅರಿಸ್ಟೊಲೋಕಿಯಾ. ಚೀನೀ ವ್ಯಾಪಾರದಲ್ಲಿ ಎರಡರ ಹೆಸರೂ ಹತ್ತಿರ ಹತ್ತಿರ, ಒಣಗಿದ ಮೇಲೆ ರೂಪವೂ ಹತ್ತಿರ. ನೂರಕ್ಕೂ ಹೆಚ್ಚು ಮಂದಿ ತೊಂದರೆಗೊಳಗಾದರು. ಹಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರ್ ಬಂತು. ಪುಡಿಯಾಗುವ ಮೊದಲು ಬೇರನ್ನು ತಿಳಿದವರು ಒಬ್ಬರು ನೋಡಿದ್ದರೂ, ತೆಳುಪದರ ಕ್ರೊಮಟೋಗ್ರಫಿಯಲ್ಲಿ ಒಂದು ಪ್ಲೇಟ್ ಓಡಿಸಿದ್ದರೂ ಗೊತ್ತಾಗುತ್ತಿತ್ತು.

ನಮ್ಮ ಮಲೆನಾಡಿನ ಮಾಲಿಗೂ ಇದೇ ಎಚ್ಚರ ಬೇಕು. ತೂಕ ಇಳಿಸುವ ಉತ್ಪನ್ನಗಳಿಗಾಗಿ ಹೊರದೇಶಕ್ಕೆ ಹೋಗುವ ಉಪ್ಪಾಗೆ ಸಾರ ಶಿರಸಿ, ಸಿದ್ದಾಪುರ ಕಡೆಯ ಕಾಡಿನ ಸಿಪ್ಪೆಯಿಂದ ಆದದ್ದು. ಉಪ್ಪಾಗೆಯೇ ಬೇರೆ, ಮುರುಗಲೇ ಬೇರೆ. ಎರಡೂ ಗಾರ್ಸೀನಿಯಾ ಕುಲದವು, ಒಣ ಸಿಪ್ಪೆಯ ರಾಶಿಯಲ್ಲಿ ಕೂಡಿಹೋಗುವುದು ಸುಲಭ. ಸಿಪ್ಪೆಯನ್ನು ಮಳೆಗಾಲದಲ್ಲಿ ಕಟ್ಟಿಗೆಯ ಬೆಂಕಿಯ ಮೇಲೆ ಒಣಗಿಸುವುದೂ ಉಂಟು, ಆಗ ಹೊಗೆಯ ಅಂಶ ಅಂಟಿರುತ್ತದೆ. ಅದನ್ನೂ ಪರೀಕ್ಷಿಸಿ. ಅಶ್ವಗಂಧದ ಬೇರು ಎಂದು ತಂದದ್ದರಲ್ಲಿ ಅಗ್ಗದ ಎಲೆ ಬೆರೆತಿದೆಯೇ ಎಂದು ನೋಡಿ. ಎಲೆ ಮತ್ತು ಬೇರಿನ ರಾಸಾಯನಿಕ ಚಹರೆ ಬೇರೆ ಬೇರೆ, ಎಚ್‌ಪಿಟಿಎಲ್‌ಸಿ ಎಂಬ ಸುಧಾರಿತ ತೆಳುಪದರ ಕ್ರೊಮಟೋಗ್ರಫಿಯಲ್ಲಿ ಅದು ಕಾಣುತ್ತದೆ. ಅರಿಶಿನ ಹೆಚ್ಚು ಹೊಳೆಯುತ್ತಿದೆ ಎಂದರೆ ಸಂತೋಷಪಡಬೇಡಿ, ಲೆಡ್ ಕ್ರೋಮೇಟ್ ಪರೀಕ್ಷೆ ಮಾಡಿಸಿ. ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ, ಪಾದರಸ ಈ ನಾಲ್ಕರ ಪರೀಕ್ಷೆ ಯಾವ ಗಿಡಮೂಲಿಕೆಗೂ ತಪ್ಪಬಾರದು.

ಪ್ರೋಟೀನ್ ಪುಡಿಯ ವಿಷಯ ಬಿಡಿಸಿ ಹೇಳಬೇಕು. ಸಾಮಾನ್ಯ ಪರೀಕ್ಷೆ ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ನೈಟ್ರೋಜನ್ ಅಳೆದು ಅದನ್ನು 6.25ರಿಂದ ಗುಣಿಸುತ್ತದೆ. ನೈಟ್ರೋಜನ್ ಎಲ್ಲಿಂದ ಬಂತು ಎಂದು ಅದು ಕೇಳುವುದಿಲ್ಲ. ಮೆಲಮಿನ್ ಎಂಬ ಪ್ಲಾಸ್ಟಿಕ್ ಉದ್ಯಮದ ರಾಸಾಯನಿಕದಲ್ಲಿ ಮೂರನೇ ಎರಡು ಪಾಲು ನೈಟ್ರೋಜನ್. ಅದರ ಒಂದು ಗ್ರಾಂ ಈ ಲೆಕ್ಕದಲ್ಲಿ ನಾಲ್ಕು ಗ್ರಾಂ ಪ್ರೋಟೀನ್ ಆಗಿ ತೋರುತ್ತದೆ. 2008ರಲ್ಲಿ ಚೀನಾದಲ್ಲಿ ಹಾಲಿಗೆ ಅದನ್ನೇ ಬೆರೆಸಿ ಸುಮಾರು 3 ಲಕ್ಷ ಮಕ್ಕಳನ್ನು ಕಾಯಿಲೆಗೆ ತಳ್ಳಿದರು, 6 ಶಿಶುಗಳು ಸತ್ತವು. ಅಷ್ಟು ಕ್ರೂರವಲ್ಲದಿದ್ದರೂ ಅದೇ ಜಾತಿಯ ಮೋಸ ಅಗ್ಗದ ಗ್ಲೈಸಿನ್, ಟಾರಿನ್ ಬೆರೆಸಿ ಪ್ರೋಟೀನ್ ಹೆಚ್ಚಿಸಿ ತೋರಿಸುವುದು. ಅಮೈನೋ ಆಮ್ಲಗಳ ಪಟ್ಟಿ ಪೂರ್ತಿ ಪರೀಕ್ಷೆಯಾಗದೆ ವೇ ಪುಡಿಯ ಲಾಟನ್ನು ಒಪ್ಪಬೇಡಿ. ನೀವಂತೂ ಬೆರೆಸಲೇಬೇಡಿ.

ತೂಕ ಮತ್ತು ಮಿಶ್ರಣ

ವಯಸ್ಕರಿಗೆ ದಿನಕ್ಕೆ ಬೇಕಾದ ಬಿ12 ವಿಟಮಿನ್ 2.2 ಮೈಕ್ರೋಗ್ರಾಂ ಎಂದು ಐಸಿಎಂಆರ್ 2020ರಲ್ಲಿ ಹೇಳಿದೆ. ಆ ಲೆಕ್ಕದಲ್ಲಿ 1 ಲಕ್ಷ ಮಾತ್ರೆಗಳ ಬ್ಯಾಚಿಗೆ ಬೇಕಾದ ಒಟ್ಟು ಬಿ12 ಕೇವಲ 0.22 ಗ್ರಾಂ. ಚಿಟಿಕೆಗಿಂತ ಕಡಿಮೆ ಇರುವ ಈ ವಸ್ತು ಲಕ್ಷ ಮಾತ್ರೆಗಳಿಗೂ ಸಮನಾಗಿ ಹೋಗಬೇಕು. ಅದನ್ನು ನೇರ ಬ್ಲೆಂಡರಿಗೆ ಸುರಿಯುವುದು ಹಂಡೆಗಟ್ಟಲೆ ಇಡ್ಲಿ ಹಿಟ್ಟಿಗೆ ಒಂದು ಮೂಲೆಯಲ್ಲಿ ಉಪ್ಪು ಹಾಕಿ ಕೈಬಿಟ್ಟಂತೆ. ಮೊದಲು ಅಷ್ಟೇ ಪ್ರಮಾಣದ ಬೇರೆ ಪುಡಿಯೊಂದಿಗೆ ಬೆರೆಸಿ, ಅದನ್ನು ಅದರಷ್ಟೇ ಪ್ರಮಾಣದ ಪುಡಿಗೆ, ಆಮೇಲೆ ಅದರ ದುಪ್ಪಟ್ಟಿಗೆ, ಹೀಗೆ ಹಂತ ಹಂತವಾಗಿ ಬೆಳೆಸಿ, ಜರಡಿ ಹಿಡಿದು ದೊಡ್ಡ ಬ್ಲೆಂಡರಿಗೆ ಹಾಕಿ. ಬ್ಲೆಂಡರ್ ಎಷ್ಟು ನಿಮಿಷ ತಿರುಗಬೇಕು ಎಂಬುದನ್ನು ಪರೀಕ್ಷೆ ಮಾಡಿ ನಿಗದಿಪಡಿಸಿ, ಅಂದಾಜಿನಲ್ಲಿ ಬೇಡ. ಕಡಿಮೆ ತಿರುಗಿಸಿದರೆ ಬೆರೆಯುವುದಿಲ್ಲ, ಅತಿ ತಿರುಗಿಸಿದರೆ ಬೆರೆತ ಪುಡಿ ಮತ್ತೆ ಬೇರ್ಪಡುವುದುಂಟು. ಮೇಲೆ, ಕೆಳಗೆ, ನಡುವೆ, ಮೂಲೆಗಳಲ್ಲಿ ಬೇರೆ ಬೇರೆ ಸ್ಯಾಂಪಲ್ ತೆಗೆದು ಪ್ರತಿಯೊಂದನ್ನೂ ಪ್ರತ್ಯೇಕ ಪರೀಕ್ಷಿಸಿ. ಎಲ್ಲ ಸ್ಯಾಂಪಲ್ ಒಟ್ಟು ಸೇರಿಸಿ ಒಂದೇ ಪರೀಕ್ಷೆ ಮಾಡುವುದೆಂದರೆ ತಪ್ಪನ್ನು ಹುಡುಕುವುದಲ್ಲ, ಮುಚ್ಚುವುದು.

ಯುನಿಟ್ ಎರಡು ಸಲ ಓದಿ. ವಿಟಮಿನ್ ಡಿ ಲೆಕ್ಕದಲ್ಲಿ 1 ಮೈಕ್ರೋಗ್ರಾಂ ಎಂದರೆ 40 ಐಯು. ಮಾತ್ರೆಗೆ 600 ಐಯು ಬೇಕೆಂದರೆ ಲಕ್ಷ ಮಾತ್ರೆಗೆ ಶುದ್ಧ ವಿಟಮಿನ್ ಒಂದೂವರೆ ಗ್ರಾಂ. ಆದರೆ ನಿಮ್ಮ ಕೈಗೆ ಬರುವುದು ಶುದ್ಧ ವಿಟಮಿನ್ ಅಲ್ಲ, ಗ್ರಾಮಿಗೆ 1 ಲಕ್ಷ ಐಯು ಇರುವ ಪುಡಿ. ಅದಾದರೆ 600 ಗ್ರಾಂ ತೂಗಬೇಕು. ಬೇರೆ ಶಕ್ತಿಯ ಪುಡಿ ಬಂದರೆ ಲೆಕ್ಕವೂ ಬೇರೆ. ಹಳೆ ಬ್ಯಾಚಿನ ತೂಕವನ್ನು ಹಾಗೇ ನಕಲು ಮಾಡಬೇಡಿ. ತೂಗುವವರು ಒಬ್ಬರು, ನೋಡುವವರು ಇನ್ನೊಬ್ಬರು, ಇಬ್ಬರೂ ಅಲ್ಲೇ ನಿಂತು ಸಹಿ ಮಾಡಬೇಕು. ತೂಕದ ಯಂತ್ರವನ್ನು ಬೆಳಿಗ್ಗೆ ತೂಕದ ಕಲ್ಲಿಟ್ಟು ಪರೀಕ್ಷಿಸದೆ ಶುರು ಮಾಡಬೇಡಿ.

ಈ ಜಾಗದಲ್ಲಿ ಆಗುವ ತಪ್ಪು ಸಣ್ಣದಾಗಿ ಉಳಿಯುವುದಿಲ್ಲ. 2008ರಲ್ಲಿ ಅಮೆರಿಕದಲ್ಲಿ ಮಾರಿದ ಒಂದು ದ್ರವ ಪೂರಕದ ಲೇಬಲ್ಲಿನಲ್ಲಿ ಸೆಲೆನಿಯಂ 200 ಮೈಕ್ರೋಗ್ರಾಂ ಎಂದಿತ್ತು. ಒಳಗಿದ್ದುದು 40,800. ಹತ್ತು ರಾಜ್ಯಗಳಲ್ಲಿ 201 ಮಂದಿಗೆ ಭೇದಿ, ಸಂದುನೋವು ಶುರುವಾಯಿತು, ಅನೇಕರ ಕೂದಲು ಉದುರಿತು, ಉಗುರು ಕೆಟ್ಟಿತು. ಡಬ್ಬಿ ಹೊರಡುವ ಮೊದಲು ಒಂದೇ ಒಂದು ಅಸ್ಸೇ ಮಾಡಿದ್ದರೂ ಸಿಕ್ಕಿಬೀಳುತ್ತಿದ್ದ ತಪ್ಪು ಅದು.

"ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆಯದೇ" ಎಂಬ ಮಾತನ್ನು ನಿಮ್ಮ ಘಟಕದಲ್ಲಿ ಯಾರೂ ಆಡಬಾರದು. ದಿನ ಕಳೆದಂತೆ ಕೆಲವು ವಿಟಮಿನ್‌ಗಳ ಶಕ್ತಿ ಇಳಿಯುತ್ತದೆ, ಅದಕ್ಕೆ ಓವರೇಜ್ (ಹೆಚ್ಚುವರಿ ಪ್ರಮಾಣ) ಬೇಕಾಗುತ್ತದೆ ನಿಜ. ಎಷ್ಟು ಬೇಕು ಎಂಬುದನ್ನು ನಿಮ್ಮದೇ ಉತ್ಪನ್ನ, ನಿಮ್ಮದೇ ಡಬ್ಬಿಯಲ್ಲಿ ಮಾಡಿದ ಸ್ಟೆಬಿಲಿಟಿ ಪರೀಕ್ಷೆ ಹೇಳಬೇಕು.

ಪದ್ಧತಿ ಬದಲಿಸುವ ಮೊದಲು

ಕಚ್ಚಾವಸ್ತುವಿನ ಮೂಲ, ಯಂತ್ರ, ಉಷ್ಣತೆ, ಸೋಸುವ ವಿಧಾನ, ಡಬ್ಬಿ, ಯಾವುದನ್ನೂ ಲಿಖಿತ ಪರಿಶೀಲನೆಯಿಲ್ಲದೆ ಬದಲಿಸಬೇಡಿ. ಖರ್ಚು ಉಳಿಸುವ ಬದಲಾವಣೆಯನ್ನು ಇನ್ನಷ್ಟು ಅನುಮಾನದಿಂದ ನೋಡಿ.

1989ರ ಎಲ್-ಟ್ರಿಪ್ಟೊಫಾನ್ ದುರಂತ ಈ ಉದ್ಯಮದಲ್ಲಿರುವ ಪ್ರತಿಯೊಬ್ಬರಿಗೂ ಗೊತ್ತಿರಲೇಬೇಕು. ಜಪಾನಿನ ಶೋವಾ ಡೆಂಕೊ ಕಂಪನಿ ಈ ಅಮೈನೋ ಆಮ್ಲವನ್ನು ಬ್ಯಾಕ್ಟೀರಿಯಾ ಬೆಳೆಸಿ ತಯಾರಿಸುತ್ತಿತ್ತು. ಹೆಚ್ಚು ಇಳುವರಿ ಕೊಡುವ ಹೊಸ ತಳಿಯನ್ನು ತಂದಿತು, ಅದೇ ಹೊತ್ತಿಗೆ ಶುದ್ಧೀಕರಣದಲ್ಲಿ ಬಳಸುವ ಇದ್ದಿಲ ಪುಡಿಯನ್ನು ಕಡಿಮೆ ಮಾಡಿತು. ಅದನ್ನು ಸೇವಿಸಿದ ಅಮೆರಿಕದ 1,500ಕ್ಕೂ ಹೆಚ್ಚು ಜನರಿಗೆ ತಡೆಯಲಾಗದ ಸ್ನಾಯುನೋವಿನ ಕಾಯಿಲೆ ಬಂತು, ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಮಾಲಿನ ಶುದ್ಧತೆ ಶೇಕಡಾ 98.5ಕ್ಕೂ ಮೇಲೇ ಇತ್ತು, ಪರೀಕ್ಷೆಯಲ್ಲಿ ಪಾಸಾಗಿತ್ತು. ಉಳಿದ ಸಣ್ಣ ಪಾಲಿನಲ್ಲಿ ಏನಿದೆ ಎಂದು ಯಾರೂ ಕೇಳಿರಲಿಲ್ಲ. "ರಿಪೋರ್ಟ್ ಪಾಸ್ ಇದೆ ಸರ್" ಎಂಬ ಒಂದು ಮಾತಿನ ಮೇಲೆ ಬ್ಯಾಚ್ ಬಿಡಬೇಡಿ. ಕ್ರೊಮಟೋಗ್ರಾಮಿನಲ್ಲಿ ಹಿಂದೆಂದೂ ಕಾಣದ ಗೆರೆ ಎದ್ದಿದ್ದರೆ, ಅದು ಎಷ್ಟೇ ಸಣ್ಣದಿರಲಿ, ಅದು ಏನೆಂದು ತಿಳಿಯುವವರೆಗೆ ಬ್ಯಾಚ್ ನಿಲ್ಲಿಸಿ.

ಶುಚಿ

ಹೂ ಮುಡಿದು, ಬಳೆ ತೊಟ್ಟು, ಮೊಬೈಲ್ ಹಿಡಿದು ತಯಾರಿಕಾ ಕೋಣೆಗೆ ಬರಬೇಡಿ. ಹಾಲಿನ ಪ್ರೋಟೀನ್ ಓಡಿದ ಯಂತ್ರದಲ್ಲಿ ಸಸ್ಯ ಪ್ರೋಟೀನ್ ಓಡಿಸುವ ಮೊದಲು ತೊಳೆದು, ಸ್ವಾಬ್ ತೆಗೆದು, ಫಲಿತಾಂಶ ಬಂದ ಮೇಲೇ ಶುರು ಮಾಡಿ. ಹಾಲು, ಸೋಯಾ, ಶೇಂಗಾ ಅಲರ್ಜಿ ಇರುವವರಿಗೆ ಉಳಿದ ಧೂಳೇ ಸಾಕು. ಗಾಳಿಯ ತೇವಾಂಶವನ್ನು ಪ್ರತಿ ಪಾಳಿಯಲ್ಲೂ ಬರೆದಿಡಿ, ಮಳೆಗಾಲದಲ್ಲಂತೂ ತಪ್ಪಿಸಲೇಬೇಡಿ.

ಆಯುಧಪೂಜೆಯ ದಿನ ಯಂತ್ರಕ್ಕೆ ಪೂಜೆ ಮಾಡುವುದು ನಮ್ಮೆಲ್ಲರ ಪದ್ಧತಿ, ಮಾಡಿ. ಆದರೆ ಕುಂಕುಮ, ಅರಿಶಿನ, ಹೂವು ಯಂತ್ರದ ಹೊರಮೈಗೆ ಮಾತ್ರ. ಪುಡಿ ತಾಗುವ ಭಾಗಗಳನ್ನು ಮುಚ್ಚಿಡಿ. ಬೂದುಗುಂಬಳ ಅಂಗಳದಲ್ಲೇ ಒಡೆಯಿರಿ. ಮರುದಿನ ಪೂರ್ತಿ ತೊಳೆದು ಲೈನ್ ಕ್ಲಿಯರೆನ್ಸ್ ಬರೆಯದೆ ಸ್ವಿಚ್ ಹಾಕಬೇಡಿ. ಅಂಗಡಿ ಕುಂಕುಮದಲ್ಲಿ ಸೀಸ ಇರುವುದುಂಟು.

ಮಾಲೀಕರಿಗೆ ಒಂದು ಮಾತು. ಜ್ವರ, ಭೇದಿ, ಕೈಗಾಯ ಇರುವವರನ್ನು ಒಳಗೆ ಬಿಡಬಾರದು ಎಂಬ ನಿಯಮ ನಿಮ್ಮ ಗೋಡೆಯ ಮೇಲೆ ಇದೆ. ಆ ದಿನದ ಸಂಬಳ ಕಡಿದರೆ ಯಾರೂ ಜ್ವರ ಹೇಳುವುದಿಲ್ಲ, ಮಾತ್ರೆ ನುಂಗಿ ಬರುತ್ತಾರೆ. ರಜೆ ಸಂಬಳ ಸಹಿತ ಕೊಡಿ. ಗೋಡೆಯ ಮೇಲಿನ ನಿಯಮ ನಡೆಯುವುದು ಹಾಗೆ ಮಾಡಿದರೆ ಮಾತ್ರ.

ದಾಖಲೆ

ಮಾಡಿದ್ದನ್ನು ಮಾಡಿದ ಹೊತ್ತಿಗೇ ಬರೆಯಿರಿ. ಸಂಜೆ ಕೂತು ಇಡೀ ದಿನದ ಉಷ್ಣತೆ ತುಂಬಬೇಡಿ. ನಾಳೆಯ ಪುಟಕ್ಕೆ ಇಂದೇ ಸಹಿ ಹಾಕಬೇಡಿ. ನೋಡದ ತೂಕಕ್ಕೆ ಸಹಿ ಹಾಕಬೇಡಿ, ನಿಮ್ಮ ಮೇಲಿನವರು ಹೇಳಿದರೂ ಹಾಕಬೇಡಿ. ತಪ್ಪು ಬರೆದರೆ ಒಂದು ಗೆರೆ ಎಳೆದು, ಸರಿ ಅಂಕಿ ಬರೆದು, ದಿನಾಂಕ ಹಾಕಿ. ವೈಟ್ನರ್ ಘಟಕದೊಳಗೆ ಇರಲೇಬಾರದು.

ಪರೀಕ್ಷೆಯಲ್ಲಿ ಫೇಲ್ ಆದ ಫಲಿತಾಂಶವನ್ನು ಹರಿದು ಹಾಕಿ, ಪಾಸ್ ಆಗುವವರೆಗೆ ಪರೀಕ್ಷೆ ಮಾಡುವುದು ಈ ಉದ್ಯಮದ ಅತ್ಯಂತ ಕೆಟ್ಟ ಅಭ್ಯಾಸ. ಮೊದಲ ಫಲಿತಾಂಶಕ್ಕೆ ಕಾರಣ ಹುಡುಕಿ ಬರೆಯದೆ ಎರಡನೇ ಪರೀಕ್ಷೆಗೆ ಕೈ ಹಾಕಬೇಡಿ. ಬ್ಯಾಚ್ ಬಿಡುಗಡೆಯ ಸಹಿ ಗುಣಮಟ್ಟ ವಿಭಾಗದ್ದೇ ಆಗಿರಬೇಕು, ಮಾರಾಟದ ಗುರಿ ಹೊತ್ತವರ ಕೈಯಲ್ಲಿ ಅದು ಇರಬಾರದು. ಪಾರ್ಟಿ ಅರ್ಜೆಂಟ್ ಎಂದರೆ ಲಾರಿ ಕಾಯಲಿ.

ಆರು ತಿಂಗಳಿಗೊಮ್ಮೆ ಮಾನ್ಯತೆ ಪಡೆದ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಬೇಕೆಂಬುದು ಪರವಾನಗಿಯ ಷರತ್ತು. ಅದು ಕನಿಷ್ಠ. ಪ್ರತಿ ಬ್ಯಾಚಿನ ಹೊಣೆ ನಿಮ್ಮದೇ.

ಲೇಬಲ್

ಇದು ಪೂರಕ ಆಹಾರ, ಔಷಧಿಯಾಗಿ ಬಳಸಲು ಅಲ್ಲ, ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು, ಮಕ್ಕಳ ಕೈಗೆ ಸಿಗದಂತೆ ಇಡಿ ಎಂಬ ಮಾತುಗಳು ಡಬ್ಬಿಯ ಮೇಲೆ ಓದುವಷ್ಟು ದೊಡ್ಡದಾಗಿ ಇರಲಿ. ಕಬ್ಬಿಣದ ಮಾತ್ರೆಯನ್ನು ಪೆಪ್ಪರ್‌ಮಿಂಟ್ ಎಂದುಕೊಂಡು ನುಂಗಿದ ಮಗುವಿಗೆ ಪ್ರಾಣಾಪಾಯ. ಆಹಾರ ಲೇಬಲ್ ಕಾನೂನು ಕೇಳುವುದು ಇಂಗ್ಲಿಷ್ ಅಥವಾ ಹಿಂದಿ, ಜೊತೆಗೆ ಬೇರೆ ಭಾಷೆ ಹಾಕಲು ಅಡ್ಡಿಯಿಲ್ಲ. ಕರ್ನಾಟಕದಲ್ಲಿ ಮಾರುವ ಡಬ್ಬಿಯ ಮೇಲೆ ಎಚ್ಚರಿಕೆಗಳು ಕನ್ನಡದಲ್ಲೂ ಇರಲಿ. ಎಚ್ಚರಿಕೆ ಓದಬೇಕಾದವರಿಗೆ ಓದಲು ಬರುವ ಭಾಷೆಯಲ್ಲಿ ಇರಬೇಕು.

ಜೆಲಟಿನ್ ಕ್ಯಾಪ್ಸೂಲಿಗೆ ಹಸಿರು ಚುಕ್ಕೆ ಹಾಕಬೇಡಿ. ಅದು ಪ್ರಾಣಿಯ ಮೂಳೆ, ಚರ್ಮದಿಂದ ಬಂದದ್ದು. ಸಸ್ಯಮೂಲದ ಕ್ಯಾಪ್ಸೂಲ್ ಸಿಗುತ್ತದೆ, ಬೆಲೆ ಹೆಚ್ಚು. ಹಣ ಉಳಿಸಲು ಇನ್ನೊಬ್ಬರ ವ್ರತ ಕೆಡಿಸುವ ಹಕ್ಕು ಯಾರಿಗೂ ಇಲ್ಲ.

ಸಕ್ಕರೆ ಕಾಯಿಲೆ ಗುಣವಾಗುತ್ತದೆ, ಕ್ಯಾನ್ಸರ್ ಕರಗುತ್ತದೆ, ಇನ್ಸುಲಿನ್ ಬಿಡಬಹುದು ಎಂದು ಬರೆಯಬೇಡಿ, ಏಜೆಂಟರ ಬಾಯಲ್ಲೂ ಹೇಳಿಸಬೇಡಿ. ದಾರಿ ತಪ್ಪಿಸುವ ಜಾಹೀರಾತಿಗೆ 53ನೇ ಕಲಮಿನಡಿ 10 ಲಕ್ಷ ರೂಪಾಯಿವರೆಗೆ ದಂಡವಿದೆ. ನಿಮ್ಮ ಮಾತು ನಂಬಿ ಇನ್ಸುಲಿನ್ ಬಿಟ್ಟವರಿಗೆ ಆಗುವ ಹಾನಿ ಯಾವ ದಂಡಕ್ಕೂ ಸಮವಲ್ಲ. ತೂಕ ಇಳಿಸುವ ಪುಡಿಗೆ ಸಿಬುಟ್ರಮಿನ್, ಪುರುಷರ ಶಕ್ತಿವರ್ಧಕಕ್ಕೆ ಸಿಲ್ಡೆನಾಫಿಲ್, ಮೈ ತುಂಬಿಸುವ ಪುಡಿಗೆ ಸ್ಟೆರಾಯ್ಡ್ ಬೆರೆಸುವವರು ಇದ್ದಾರೆ. ಹೃದಯದ ಅಪಾಯಕ್ಕಾಗಿ ಸಿಬುಟ್ರಮಿನ್ ಮಾರುಕಟ್ಟೆಯಿಂದಲೇ ಹೊರಬಿದ್ದ ಔಷಧಿ. ಅಂಥ ಆರ್ಡರ್ ತಂದ ಪಾರ್ಟಿಯನ್ನು ಬಾಗಿಲಿನಿಂದಲೇ ಕಳಿಸಿ.

ದೂರು ಬಂದಾಗ

2024ರ ಜನವರಿ ಮಧ್ಯದಲ್ಲಿ ಜಪಾನಿನ ಕೊಬಯಾಶಿ ಫಾರ್ಮಸ್ಯುಟಿಕಲ್ ಕಂಪನಿಗೆ ಒಬ್ಬ ವೈದ್ಯರಿಂದ ಮಾಹಿತಿ ಬಂತು: ಕೊಲೆಸ್ಟರಾಲ್ ಇಳಿಸಲೆಂದು ಮಾರುವ ಕೆಂಪು ಯೀಸ್ಟ್ ಅಕ್ಕಿಯ ಮಾತ್ರೆ ತಿಂದ ರೋಗಿಯ ಮೂತ್ರಪಿಂಡ ಕೆಟ್ಟಿದೆ. ಇಂಥವೇ ಇನ್ನಷ್ಟು ಬಂದವು. ಕಂಪನಿ ಸಾರ್ವಜನಿಕರಿಗೆ ತಿಳಿಸಿ ಮಾಲು ವಾಪಸ್ ಕರೆದದ್ದು ಮಾರ್ಚ್ 22ರಂದು. ನಡುವಿನ ಎರಡು ತಿಂಗಳು ಜನ ದಿನವೂ ಮಾತ್ರೆ ನುಂಗುತ್ತಲೇ ಇದ್ದರು. ನೂರಾರು ಮಂದಿ ಆಸ್ಪತ್ರೆ ಸೇರಿದರು. ನೀಲಿ ಬೂಷ್ಟಿನಿಂದ ಉಂಟಾಗುವ ಪ್ಯೂಬೆರುಲಿಕ್ ಆಮ್ಲ ಆ ಮಾಲಿನಲ್ಲಿತ್ತು. ಟ್ಯಾಂಕಿನ ಮುಚ್ಚಳದ ಒಳಗೆ ಬೂಷ್ಟು ಕಂಡ ನೌಕರರು ಅದನ್ನು ಹೇಳಿದ್ದರೂ, ಅಷ್ಟಿಷ್ಟು ಬೂಷ್ಟು ಸೇರುವುದು ಸಹಜ ಎಂಬ ಉತ್ತರ ಅವರಿಗೆ ಸಿಕ್ಕಿತ್ತು ಎಂಬುದು ತನಿಖೆಯಲ್ಲಿ ಹೊರಬಂತು. ಕಂಪನಿಯ ಅಧ್ಯಕ್ಷರೂ ಚೇರ್ಮನ್ನರೂ ಹುದ್ದೆ ಬಿಟ್ಟರು. ಜಪಾನ್ ಸರಕಾರ ಕಾನೂನು ಬಿಗಿ ಮಾಡಿತು.

ಬೂಷ್ಟು ಕಂಡ ಕೆಲಸಗಾರರಿಗೆ ಯಂತ್ರ ನಿಲ್ಲಿಸುವ ಅಧಿಕಾರ ಇರಲಿ. ನಿಲ್ಲಿಸಿದ್ದಕ್ಕೆ ಯಾರನ್ನೂ ಬೈಯಬೇಡಿ, ಸುಳ್ಳು ಎಚ್ಚರಿಕೆಯಾಗಿದ್ದರೂ ಬೈಯಬೇಡಿ. ಬಂದ ದೂರನ್ನು, ಫೋನಿನಲ್ಲಿ ಬಂದದ್ದಾದರೂ, ಅಂದೇ ಪುಸ್ತಕದಲ್ಲಿ ಬರೆಯಿರಿ. ಹೊಟ್ಟೆನೋವು, ಹಳದಿ ಕಣ್ಣು, ನೊರೆ ಮೂತ್ರ, ಮೈ ತುರಿಕೆ ಎಂಬ ಮಾತು ಕೇಳಿದರೆ ಅದನ್ನು ಮಾರಾಟ ವಿಭಾಗಕ್ಕೆ ದಾಟಿಸಬೇಡಿ, ನೇರ ಗುಣಮಟ್ಟದ ಮುಖ್ಯಸ್ಥರಿಗೆ ಮುಟ್ಟಿಸಿ. ಡಬ್ಬಿ ಬದಲಿಸಿಕೊಟ್ಟು, ದುಡ್ಡು ವಾಪಸ್ ಕೊಟ್ಟು ವಿಷಯ ಮುಗಿಸಬೇಡಿ. ಅದೇ ಬ್ಯಾಚಿನ ಬೇರೆ ಡಬ್ಬಿಗಳು ಇನ್ನೂ ಮನೆಮನೆಯಲ್ಲಿವೆ. ಕಾರಣ ಪೂರ್ತಿ ಗೊತ್ತಾಗಲಿ ಎಂದು ಕಾಯುತ್ತಾ ಮಾರಾಟ ಮುಂದುವರಿಸಬೇಡಿ. ಮೊದಲು ನಿಲ್ಲಿಸಿ, ಆಮೇಲೆ ಹುಡುಕಿ. ಮಾಲು ವಾಪಸ್ ಕರೆಯುವ ನಿರ್ಧಾರವಾದರೆ 24 ಗಂಟೆಯೊಳಗೆ ಎಫ್‌ಎಸ್‌ಎಸ್‌ಎಐಗೆ ತಿಳಿಸಬೇಕು.

ಪ್ರತಿ ಬ್ಯಾಚಿನಿಂದಲೂ ಪೂರ್ತಿ ಪರೀಕ್ಷೆ ಎರಡು ಸಲ ಮಾಡುವಷ್ಟು ಸ್ಯಾಂಪಲನ್ನು, ಮಾರುವ ಡಬ್ಬಿಯಲ್ಲೇ, ಅವಧಿ ಮುಗಿದು ಒಂದು ವರ್ಷದವರೆಗೆ ಬೀಗದೊಳಗೆ ಇಡಿ. ಯಾವ ಬ್ಯಾಚ್ ಯಾವ ಊರಿನ ಯಾವ ಅಂಗಡಿಗೆ ಹೋಯಿತು ಎಂಬ ಪಟ್ಟಿ ಒಂದು ಗಂಟೆಯೊಳಗೆ ಕೈಗೆ ಸಿಗುತ್ತದೆಯೇ ಎಂದು ವರ್ಷಕ್ಕೆ ಎರಡು ಸಲ, ಮೊದಲೇ ಯಾರಿಗೂ ಹೇಳದೆ, ಪರೀಕ್ಷಿಸಿ ನೋಡಿ. ಸಿಗದಿದ್ದರೆ ಅಂದಿನ ತಯಾರಿಕೆ ನಿಲ್ಲಿಸಿ ಮೊದಲು ಆ ಪಟ್ಟಿ ಸರಿಮಾಡಿ.